ಆರ್‌ಎನ್‌ಎ ವಿಜ್ಞಾನಿಯ ಸೈಟೇಷನ್ ಲೆಕ್ಕ ಓದುವುದು ಹೇಗೆ: ಪಿಎಚ್‌ಡಿಗೆ ಗೈಡ್ ಹುಡುಕುವವರಿಗೆ

ಕಳೆದ ಬೇಸಿಗೆಯಲ್ಲಿ ಆಳಂದದ ಒಬ್ಬ ಹುಡುಗಿ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಎಂಎಸ್ಸಿ ಬಯೋಟೆಕ್ನಾಲಜಿ ಮುಗಿಸಿ ಪಿಎಚ್‌ಡಿಗೆ ಫೆಲೋಶಿಪ್ ಕೊಡುವ ಜೆಆರ್‌ಎಫ್ ಪರೀಕ್ಷೆ ಪಾಸಾಗಿದ್ದಳು. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಇಬ್ಬರು ವಿಜ್ಞಾನಿಗಳ ಹೆಸರು, ಪಕ್ಕದಲ್ಲಿ ಒಂದೊಂದು ಸಂಖ್ಯೆ. ಒಬ್ಬರದು 46, ಇನ್ನೊಬ್ಬರದು 17.

"ಮೇಡಂ, ದೊಡ್ಡ ನಂಬರಿನವರ ಹತ್ರಾನೇ ಹೋಗ್ಲೇನ್ರಿ?" ಎಂದು ಕೇಳಿದಳು.

ಆ ನಂಬರು ಎಚ್-ಇಂಡೆಕ್ಸ್, ಅಂದರೆ ಒಬ್ಬರ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ (ಸೈಟೇಷನ್) ಎನ್ನುವುದರಿಂದ ಬರುವ ಲೆಕ್ಕ. ಇಬ್ಬರೂ ಆರ್‌ಎನ್‌ಎ ಮೇಲೆ ಕೆಲಸ ಮಾಡುವವರು. ಒಬ್ಬರದು ಕ್ಯಾನ್ಸರ್ ಕೋಶಗಳ ಮೈಕ್ರೋಆರ್‌ಎನ್‌ಎ (ಜೀನ್‌ಗಳ ಕೆಲಸ ತಡೆಯುವ ಪುಟ್ಟ ಆರ್‌ಎನ್‌ಎ), ಇನ್ನೊಬ್ಬರದು ಬೆಳೆಗಳಿಗೆ ಬರುವ ಆರ್‌ಎನ್‌ಎ ವೈರಸ್. ಅವಳಿಗೆ ಆ ದಿನ ನಾನು ಉತ್ತರ ಕೊಡಲಿಲ್ಲ. ನಾಲ್ಕು ಸಂಜೆ ಜೊತೆಗೆ ಕೂತು ಇಬ್ಬರ ಪೇಪರ್‌ಗಳನ್ನೂ ತೆಗೆದು ನೋಡಿದೆವು. ಆಗ ಏನೇನು ಮಾಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಸಂಸ್ಥೆಗಳಲ್ಲಿ ಓದಿದ ಮಕ್ಕಳಿಗೆ ಈ ಮಾತೆಲ್ಲ ಕ್ಯಾಂಟೀನಿನಲ್ಲಿ ಸೀನಿಯರ್‌ಗಳ ಬಾಯಿಂದ ಕಿವಿಗೆ ಬೀಳುತ್ತದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮಕ್ಕಳಿಗೆ ಬೀಳುವುದಿಲ್ಲ. ನಾನು ಹೈದರಾಬಾದಿನಲ್ಲಿ ಆರ್‌ಎನ್‌ಎ ಮೇಲೆ ಪಿಎಚ್‌ಡಿ ಮಾಡಿ ಬಂದವಳು. ಅಲ್ಲಿಗೆ ಹೋಗಿ ಎರಡನೇ ವರ್ಷಕ್ಕೆ ನನಗೆ ತಿಳಿದದ್ದು, ನೀವು ಹೋಗುವ ಮೊದಲೇ ತಿಳಿದುಕೊಂಡಿರಬೇಕು ಎನ್ನುವುದು ನನ್ನ ಆಸೆ.

ಮೊದಲು ಎಚ್-ಇಂಡೆಕ್ಸನ್ನು ಕೈಯಾರೆ ಲೆಕ್ಕ ಹಾಕಿ

ಕಂಪ್ಯೂಟರ್ ತೋರಿಸಿದ್ದನ್ನು ಒಪ್ಪಿಕೊಳ್ಳುವ ಮೊದಲು ಒಂದು ಸಲ ನೋಟ್‌ಬುಕ್ಕಿನಲ್ಲಿ ಮಾಡಿ ನೋಡಿ. ಒಬ್ಬರು ಹತ್ತು ಪೇಪರ್ ಬರೆದಿದ್ದಾರೆ ಅಂದುಕೊಳ್ಳಿ. ಪ್ರತಿ ಪೇಪರನ್ನು ಎಷ್ಟು ಜನ ಉಲ್ಲೇಖ ಮಾಡಿದ್ದಾರೋ ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ: 120, 64, 33, 19, 11, 9, 7, 6, 2, 0. ಎಡಗಡೆ ಸಾಲಿನ ನಂಬರು ಹಾಕಿ. ಉಲ್ಲೇಖ ಸಾಲಿನ ನಂಬರಿಗಿಂತ ಕಡಿಮೆಯಾಗದೆ ಎಷ್ಟನೇ ಸಾಲಿನವರೆಗೆ ಬರುತ್ತದೋ ಅದೇ ಎಚ್-ಇಂಡೆಕ್ಸ್. ಏಳನೇ ಸಾಲಿನಲ್ಲಿ 7 ಇದೆ, ಸರಿ. ಎಂಟನೇ ಸಾಲಿನಲ್ಲಿ 8 ಇರಬೇಕಿತ್ತು, 6 ಇದೆ. ಅಲ್ಲಿಗೆ ನಿಲ್ಲಿಸಿ. ಇವರ ಎಚ್-ಇಂಡೆಕ್ಸ್ 7. ಒಟ್ಟು ಉಲ್ಲೇಖ 271. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಉಲ್ಲೇಖ ಇರುವ ಪೇಪರ್ ಐದು, ಆದ್ದರಿಂದ ಗೂಗಲ್ ಸ್ಕಾಲರ್ (ಪೇಪರ್ ಹುಡುಕುವ ಉಚಿತ ತಾಣ) ತೋರಿಸುವ ಐ10 ಸಂಖ್ಯೆ 5.

ಈಗ ಮೊದಲ ಸಾಲಿನ 120 ಅಳಿಸಿ 12,000 ಎಂದು ಬರೆಯಿರಿ. ಎಚ್-ಇಂಡೆಕ್ಸ್ ಎಷ್ಟಾಯಿತು? ಅದೇ 7. ಒಂದು ಪೇಪರ್ ಜಗತ್ತನ್ನೇ ಬದಲಿಸಿದರೂ ಈ ನಂಬರು ಅಲ್ಲಾಡುವುದಿಲ್ಲ. ಆಳಂದದ ಹುಡುಗಿ ಇಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು.

ಈ ಲೆಕ್ಕ ಶುರು ಮಾಡಿದವರು ಹೋರ್ಹೆ ಹಿರ್ಷ್ ಎನ್ನುವ ಭೌತವಿಜ್ಞಾನಿ, 2005ರಲ್ಲಿ. ಇದು ವಯಸ್ಸಿನ ಜೊತೆ ಏರುತ್ತದೆ, ಇಳಿಯುವುದಿಲ್ಲ. ಕೆಲಸ ನಿಲ್ಲಿಸಿ ಮನೆಯಲ್ಲಿ ಕೂತವರದೂ ಏರಬಹುದು. ಅದಕ್ಕೇ ಹಿರ್ಷ್ ಇನ್ನೊಂದು ಮಾತನ್ನೂ ಹೇಳಿದ್ದರು: ಮೊದಲ ಪೇಪರ್ ಬಂದು ಎಷ್ಟು ವರ್ಷವಾಯಿತೋ ಅದರಿಂದ ಭಾಗಿಸಿ ನೋಡಿ.

ನಾವು ಭಾಗಿಸಲು ಹೋದಾಗ ಒಂದು ತಪ್ಪು ಸಿಕ್ಕಿತು. ಚೀಟಿಯಲ್ಲಿದ್ದ 46 ಗೂಗಲ್ ಸ್ಕಾಲರಿನದು, 17 ಸ್ಕೋಪಸ್‌ನದು. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲಿನಲ್ಲಿ ಬರುವ ಮೊದಲೇ ಹಾಕಿದ ಪ್ರತಿ), ಪುಸ್ತಕ ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ತಾವು ಆರಿಸಿದ ಜರ್ನಲ್, ಪುಸ್ತಕಗಳನ್ನು ಮಾತ್ರ ಹಿಡಿಯುತ್ತವೆ. ಹಾಗಾಗಿ ಗೂಗಲ್ ಸ್ಕಾಲರ್ ನಂಬರು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಎರಡನೆಯವರದನ್ನೂ ಅಲ್ಲೇ ನೋಡಿದರೆ 22 ಇತ್ತು. ಮೊದಲನೆಯವರು ಕೆಲಸ ಶುರು ಮಾಡಿ 27 ವರ್ಷ, ಎರಡನೆಯವರು 14 ವರ್ಷ. ಭಾಗಿಸಿದರೆ 1.7 ಮತ್ತು 1.6. ಚೀಟಿಯಲ್ಲಿ ಅಷ್ಟು ದೊಡ್ಡದಾಗಿ ಕಂಡ ಅಂತರ ಅಲ್ಲಿಗೆ ಕರಗಿಹೋಯಿತು. ಇಬ್ಬರನ್ನು ಹೋಲಿಸುವಾಗ ಒಂದೇ ಕಡೆಯ ಲೆಕ್ಕ ಹಿಡಿಯಿರಿ, ಒಂದೇ ದಿನ ನೋಡಿ, ದಿನಾಂಕ ಬರೆದಿಟ್ಟುಕೊಳ್ಳಿ.

ಆ ಪೇಪರ್‌ಗಳು ಅವರವೇನಾ?

ಇದು ನಮ್ಮ ಕಡೆ ದೊಡ್ಡ ಸಮಸ್ಯೆ. ಕಲಬುರಗಿಯಲ್ಲಿ ಓಣಿಗೊಬ್ಬರು ಪಾಟೀಲರಿದ್ದಾರೆ. 'ಎಸ್ ಪಾಟೀಲ್' ಎಂದು ಪಬ್‌ಮೆಡ್ ಎನ್ನುವ ವೈದ್ಯ-ಜೀವವಿಜ್ಞಾನ ಪೇಪರ್‌ಗಳ ತಾಣದಲ್ಲಿ ಹುಡುಕಿದರೆ ಹಲ್ಲಿನ ಡಾಕ್ಟರು, ಮಣ್ಣಿನ ವಿಜ್ಞಾನಿ, ಎಲ್ಲರೂ ಒಟ್ಟಿಗೆ ಬರುತ್ತಾರೆ. ಗೂಗಲ್ ಸ್ಕಾಲರ್ ಕೆಲವೊಮ್ಮೆ ಇವರೆಲ್ಲರ ಪೇಪರನ್ನು ಒಬ್ಬರ ಪ್ರೊಫೈಲಿಗೇ ಸೇರಿಸಿಬಿಡುತ್ತದೆ. ಪ್ರೊಫೈಲಿನ ಪಟ್ಟಿಯನ್ನು ಕೊನೆವರೆಗೂ ಇಳಿಸಿ ನೋಡಿ. ಆರ್‌ಎನ್‌ಎ ಕೆಲಸದ ಮಧ್ಯೆ ಸಿಮೆಂಟಿನ ಬಗ್ಗೆ ಒಂದು ಪೇಪರ್ ಕಂಡರೆ ಅಲ್ಲಿ ಗುರುತು ಹಾಕಿಕೊಳ್ಳಿ. ಒಆರ್‌ಸಿಐಡಿ ಎನ್ನುವ 16 ಅಂಕಿಯ ಗುರುತು ಸಂಖ್ಯೆ 2012ರಿಂದ ಇದೆ. ವಿಜ್ಞಾನಿಗೆ ಅದಿದ್ದರೆ, ಅದರಡಿ ಅವರೇ ಸೇರಿಸಿದ ಪಟ್ಟಿಯ ಜೊತೆ ತಾಳೆ ನೋಡಿ. ಮದುವೆಯಾದ ಮೇಲೆ ಹೆಸರು ಬದಲಿಸಿದ ಹೆಣ್ಣುಮಕ್ಕಳ ಹಳೆಯ ಪೇಪರ್‌ಗಳು ಬೇರೆ ಹೆಸರಿನಲ್ಲಿ ಉಳಿದಿರುತ್ತವೆ, ಅದನ್ನೂ ಹುಡುಕಿ.

ಊರಿನ ಹೆಸರಿನದೂ ಹಾಗೇ. ನಮ್ಮ ಊರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಪೇಪರ್‌ಗಳಲ್ಲಿ ಗುಲ್ಬರ್ಗ ಎಂದೇ ಇರುತ್ತದೆ. ಇಂಗ್ಲಿಷ್ ಕಾಗುಣಿತವೂ ಒಬ್ಬೊಬ್ಬರದು ಒಂದೊಂದು ತರ. ಇಲ್ಲಿಯ ವಿಜ್ಞಾನಿಯನ್ನು ಹುಡುಕುವಾಗ ಎಲ್ಲ ರೂಪವನ್ನೂ ಹಾಕಿ ನೋಡದಿದ್ದರೆ ಅರ್ಧ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ಯಾರು, ಯಾಕೆ ಉಲ್ಲೇಖ ಮಾಡಿದರು?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಇದಕ್ಕೆ ಎರಡು ಸಂಜೆ ಕೊಡಿ.

ಆ ವಿಜ್ಞಾನಿಯ ಅತಿ ಹೆಚ್ಚು ಉಲ್ಲೇಖ ಆಗಿರುವ ಐದು ಪೇಪರ್ ಆರಿಸಿ. ಒಂದೊಂದರ ಕೆಳಗೂ ಅದನ್ನು ಉಲ್ಲೇಖಿಸಿದವರ ಪಟ್ಟಿಗೆ ಕೊಂಡಿ ಇರುತ್ತದೆ, ಒತ್ತಿ. ಪಟ್ಟಿಯಿಂದ ಇಪ್ಪತ್ತು ಪೇಪರ್ ತೆಗೆದುಕೊಳ್ಳಿ. ಮೊದಲಿನ ಇಪ್ಪತ್ತೇ ಬೇಡ, ಅಲ್ಲಲ್ಲಿ ಆರಿಸಿ. ಪ್ರತಿಯೊಂದರಲ್ಲೂ ಆ ಉಲ್ಲೇಖ ಬಂದ ವಾಕ್ಯವನ್ನು ಹುಡುಕಿ ಓದಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ವಿಧಾನ ಬಳಸಿದವರು. ಆ ಫಲಿತಾಂಶವನ್ನು ಹಿಡಿದು ಮುಂದೆ ಕೆಲಸ ಮಾಡಿದವರು. ಪೀಠಿಕೆಯಲ್ಲಿ ಹತ್ತು ಹೆಸರಿನ ಜೊತೆ ಸುಮ್ನೆ ಸೇರಿಸಿದವರು. ನಮಗೆ ಹಾಗೆ ಬರಲಿಲ್ಲ ಎಂದವರು. ಯಾವ ಕಾಲಂ ಉದ್ದವಾಗುತ್ತದೆ ನೋಡಿ. ಸೆಮ್ಯಾಂಟಿಕ್ ಸ್ಕಾಲರ್ ಎನ್ನುವ ಉಚಿತ ತಾಣ ಈ ವಿಂಗಡಣೆಯನ್ನು ಸ್ವಲ್ಪ ಮಟ್ಟಿಗೆ ತಾನೇ ಮಾಡಿಕೊಡುತ್ತದೆ. ಆದರೆ ವಾಕ್ಯ ಓದುವ ಕೆಲಸ ಬಿಡಬೇಡಿ. ನಾಲ್ಕನೇ ಕಾಲಂ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ವಿಜ್ಞಾನಿಗಳು 'ತಪ್ಪು' ಎಂದು ನೇರವಾಗಿ ಬರೆಯುವುದು ಅಪರೂಪ, ಬಹಳ ಮೆತ್ತಗೆ ಬರೆಯುತ್ತಾರೆ.

ವಿಧಾನದ ಕಾಲಂ ಎಷ್ಟು ಉದ್ದ ಬೆಳೆಯಬಹುದು ಎನ್ನುವುದಕ್ಕೆ ಆರ್‌ಎನ್‌ಎ ಕ್ಷೇತ್ರದಲ್ಲೇ ದೊಡ್ಡ ಉದಾಹರಣೆ ಇದೆ: ಕೋಶದಿಂದ ಆರ್‌ಎನ್‌ಎ ಬೇರ್ಪಡಿಸುವ ವಿಧಾನ. ಆ ಹುಡುಗಿಗೆ ಅದನ್ನು ಬಾಯಲ್ಲಿ ಹೇಳದೆ ನಮ್ಮ ಕಾಲೇಜಿನ ಲ್ಯಾಬಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಮೇ ತಿಂಗಳು. ಹೊರಗೆ 42 ಡಿಗ್ರಿ. ಐಸ್ ಡಬ್ಬಿಯಲ್ಲಿ ಹಾಕಿದ ಐಸು ಅರ್ಧ ಗಂಟೆಗೆ ನೀರಾಗುತ್ತಿತ್ತು. ಎಳೆ ಎಲೆಯನ್ನು ಅರೆದು ಟ್ರೈಝಾಲ್ ಹಾಕಿದೆವು, ಫೀನಾಲ್ ಮತ್ತು ಗ್ವಾನಿಡಿನಿಯಂ ಇರುವ ನಸುಗೆಂಪು ದ್ರವ. ಮೇಲೆ ಕ್ಲೋರೋಫಾರ್ಮ್ ಹಾಕಿ ಕೈಯಲ್ಲೇ ಹದಿನೈದು ಸೆಕೆಂಡು ಜೋರಾಗಿ ಅಲ್ಲಾಡಿಸಿ ಸೆಂಟ್ರಿಫ್ಯೂಜಿಗೆ ಇಟ್ಟೆವು. ಹೊರಗೆ ತೆಗೆದಾಗ ಮೂರು ಪದರ. ಕೆಳಗೆ ಕೆಂಪು, ನಡುವೆ ಹಾಲಿನ ಕೆನೆಯಂಥ ತೆಳು ಪೊರೆ, ಮೇಲೆ ತಿಳಿನೀರು. ಆ ತಿಳಿನೀರಿನಲ್ಲೇ ಆರ್‌ಎನ್‌ಎ. ಪಿಪೆಟ್ಟಿನ ತುದಿ ನಡುವಿನ ಪೊರೆಗೆ ತಾಗಿದರೆ ಕೆಲಸ ಕೆಟ್ಟಿತು, ಅಲ್ಲಿರುವ ಡಿಎನ್‌ಎ ಜೊತೆಗೆ ಬಂದುಬಿಡುತ್ತದೆ. ಅವಳು ಉಸಿರು ಹಿಡಿದು ಮೇಲಿನ ಅರ್ಧವನ್ನಷ್ಟೇ ಎಳೆದುಕೊಂಡಳು. ಐಸೊಪ್ರೊಪನಾಲ್ ಹಾಕಿ ಮತ್ತೆ ತಿರುಗಿಸಿದ ಮೇಲೆ ಟ್ಯೂಬಿನ ತಳದಲ್ಲಿ ಉಗುರಿನ ಚೂರಿನಷ್ಟು ಬೆಳ್ಳಗಿನ ಚುಕ್ಕೆ ಕೂತಿತ್ತು.

ಈ ವಿಧಾನದ ಬೇರು ಪಿಯೋತ್ರ್ ಚೊಮ್ಚಿನ್‌ಸ್ಕಿ ಮತ್ತು ನಿಕೊಲೆಟ್ಟಾ ಸಾಕ್ಕಿ 1987ರಲ್ಲಿ ಬರೆದ ಪುಟ್ಟ ಪೇಪರಿನಲ್ಲಿದೆ. ಬಂದದ್ದು ಅನಲಿಟಿಕಲ್ ಬಯೋಕೆಮಿಸ್ಟ್ರಿ ಎನ್ನುವ ಜರ್ನಲಿನಲ್ಲಿ. ಅದಕ್ಕೂ ಮೊದಲು ಶುದ್ಧ ಆರ್‌ಎನ್‌ಎ ಬೇಕೆಂದರೆ ಟ್ಯೂಬುಗಳನ್ನು ರಾತ್ರಿಯಿಡೀ ಭಾರೀ ವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕಿತ್ತು. ಇವರು ಅದನ್ನು ನಾಲ್ಕು ಗಂಟೆಯ ಕೆಲಸ ಮಾಡಿದರು. ಫೀನಾಲನ್ನು ಹುಳಿ ಮಾಡಿದರೆ ಡಿಎನ್‌ಎ ಮೇಲಿನ ಪದರಕ್ಕೆ ಬರುವುದಿಲ್ಲ, ಆರ್‌ಎನ್‌ಎ ಮಾತ್ರ ಅಲ್ಲಿ ಉಳಿಯುತ್ತದೆ. ಗ್ವಾನಿಡಿನಿಯಂ ಎನ್ನುವ ಉಪ್ಪು ಆರ್‌ಎನ್‌ಎಯನ್ನು ತಿನ್ನುವ ಕಿಣ್ವಗಳನ್ನು ಹಾಕಿದ ಕ್ಷಣವೇ ಕೆಡಿಸಿಬಿಡುತ್ತದೆ. 2014ರಲ್ಲಿ ನೇಚರ್ ಪತ್ರಿಕೆ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖ ಆದ 100 ಪೇಪರ್‌ಗಳ ಪಟ್ಟಿ ಮಾಡಿತು. ಅದರಲ್ಲಿ ಇದಕ್ಕೆ ಐದನೇ ಜಾಗ, 60 ಸಾವಿರಕ್ಕೂ ಹೆಚ್ಚು ಉಲ್ಲೇಖ. ಮೊದಲ ಜಾಗ ಪ್ರೋಟೀನ್ ಅಳೆಯುವ ವಿಧಾನದ 1951ರ ಲೌರಿ ಪೇಪರಿಗೆ, 3 ಲಕ್ಷಕ್ಕೂ ಮೇಲೆ. ಡಿಎನ್‌ಎಯ ಜೋಡಿ ಸುರುಳಿ ಹೇಳಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪೇಪರ್ ಆ ನೂರರ ಪಟ್ಟಿಯಲ್ಲೇ ಇರಲಿಲ್ಲ.

ಕ್ಯೂಪಿಸಿಆರ್ (ಆರ್‌ಎನ್‌ಎ, ಡಿಎನ್‌ಎ ಪ್ರಮಾಣ ಅಳೆಯುವ ವಿಧಾನ) ಮಾಡಿದವರಿಗೆ ಲಿವಾಕ್ ಮತ್ತು ಶ್ಮಿಟ್‌ಗೆನ್ ಅವರ 2001ರ ಸೂತ್ರ ಗೊತ್ತಿರುತ್ತದೆ. ಅದರ ಉಲ್ಲೇಖ ಲಕ್ಷ ದಾಟಿದೆ. ಇದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ನನ್ನ ಥೀಸಿಸ್ಸಿನ ಒಂದೊಂದು ಪುಟವೂ ಚೊಮ್ಚಿನ್‌ಸ್ಕಿ ಅವರ ವಿಧಾನದ ಮೇಲೆ ನಿಂತಿದೆ, ಅವರ ಋಣ ನನ್ನ ಮೇಲಿದೆ. ಆದರೆ ನೀವು ಗೈಡ್ ಹುಡುಕುವಾಗ ಒಂದು ವಿಷಯ ಗೊತ್ತಿರಲಿ. ವಿಧಾನ ಕೊಟ್ಟವರ ಲ್ಯಾಬಿನಲ್ಲಿ ನೀವು ಕಲಿಯುವುದು ಬೇರೆ, ಹೊಸ ಪ್ರಶ್ನೆ ಎತ್ತಿದವರ ಲ್ಯಾಬಿನಲ್ಲಿ ಕಲಿಯುವುದು ಬೇರೆ. ರಿವ್ಯೂ ಲೇಖನಗಳನ್ನೂ ಹಾಗೇ ಬೇರ್ಪಡಿಸಿ. ಬೇರೆಯವರ ಕೆಲಸವನ್ನು ಒಟ್ಟು ಮಾಡಿ ಬರೆದ ಲೇಖನಕ್ಕೆ ಸ್ವಂತ ಪ್ರಯೋಗದ ಪೇಪರಿಗಿಂತ ಎಷ್ಟೋ ಸಲ ಜಾಸ್ತಿ ಉಲ್ಲೇಖ ಸಿಗುತ್ತದೆ. ನಮ್ಮ 46ರ ಪ್ರೊಫೆಸರರ ಮೊದಲ ಐದರಲ್ಲಿ ಎರಡು ರಿವ್ಯೂ ಇದ್ದವು.

ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಳ್ಳುವುದು ತಪ್ಪಲ್ಲ. ಒಂದೇ ವಿಷಯವನ್ನು ಇಪ್ಪತ್ತು ವರ್ಷ ಹಿಡಿದು ಮಾಡುವವರು ಹಿಂದಿನದನ್ನು ಹೇಳಲೇಬೇಕಲ್ವಾ? ಅದನ್ನು ಕಳೆದು ನೋಡುವ ಸೌಕರ್ಯ ಸ್ಕೋಪಸ್‌ನಲ್ಲಿ ಇದೆ. ಕಳೆದ ಮೇಲೆ ಅರ್ಧದಷ್ಟು ಇಳಿದರೆ ಮಾತ್ರ ಯೋಚಿಸಿ.

ವರ್ಷಗಳ ಗೆರೆಯನ್ನು ಓದಿ

ಗೂಗಲ್ ಸ್ಕಾಲರ್ ಪ್ರೊಫೈಲಿನ ಪಕ್ಕದಲ್ಲಿ ವರ್ಷವಾರು ಕಂಬಗಳ ಚಿತ್ರ ಇರುತ್ತದೆ. ಒಟ್ಟು ನಂಬರಿಗಿಂತ ಆ ಚಿತ್ರದಲ್ಲಿ ಹೆಚ್ಚು ಕಥೆ ಇದೆ.

ಕಟಲಿನ್ ಕರಿಕೊ ಅವರನ್ನು ತೆಗೆದುಕೊಳ್ಳಿ. ಹಂಗೇರಿಯ ಒಬ್ಬ ಕಟುಕರ ಮಗಳು. 1985ರಲ್ಲಿ ಗಂಡ ಮತ್ತು ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೋದರು, ಕೂಡಿಟ್ಟ ಹಣವನ್ನು ಮಗಳ ಗೊಂಬೆಯೊಳಗೆ ಹೊಲಿದುಕೊಂಡು. ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಒಯ್ಯುವ ಎಂಆರ್‌ಎನ್‌ಎಯಿಂದ ಔಷಧ ಮಾಡಬಹುದು ಎಂದು ಹಿಡಿದ ಹಟ ಬಿಡಲಿಲ್ಲ. ಅನುದಾನ ಸಿಗಲಿಲ್ಲ. 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರ ಹುದ್ದೆಯನ್ನೇ ಕೆಳಗಿಳಿಸಿದರು. ಮುಂದೆ ಅಲ್ಲೇ ಫೋಟೊಕಾಪಿ ಯಂತ್ರದ ಬಳಿ ಡ್ರೂ ವೈಸ್‌ಮನ್ ಪರಿಚಯವಾದರು. ಲ್ಯಾಬಿನಲ್ಲಿ ಮಾಡಿದ ಎಂಆರ್‌ಎನ್‌ಎಯನ್ನು ದೇಹ ಶತ್ರು ಎಂದು ತಿಳಿದು ಉರಿಯೂತ ಎಬ್ಬಿಸುತ್ತದೆ. ಅದರ ಯೂರಿಡಿನ್ ಎನ್ನುವ ಘಟಕದ ಬದಲು ಸ್ಯೂಡೋಯೂರಿಡಿನ್‌ನಂಥ ರೂಪ ಇಟ್ಟರೆ ದೇಹ ಸುಮ್ಮನಿರುತ್ತದೆ. ಈ ಮಾತು 2005ರಲ್ಲಿ ಇಮ್ಯೂನಿಟಿ ಜರ್ನಲಿನಲ್ಲಿ ಬಂತು. ಆಗ ಹೆಚ್ಚಿನವರು ತಲೆ ಎತ್ತಿ ನೋಡಲಿಲ್ಲ. ಕೊರೊನಾ ಬಂದು, ಫೈಜರ್-ಬಯೋಎನ್‌ಟೆಕ್ ಮತ್ತು ಮಾಡರ್ನಾ ಲಸಿಕೆಗಳು ಇದೇ ದಾರಿಯಲ್ಲಿ ತಯಾರಾದ ಮೇಲೆ ಉಲ್ಲೇಖಗಳ ಕಂಬ ಒಮ್ಮೆಲೇ ಎದ್ದಿತು. 2023ರಲ್ಲಿ ಇಬ್ಬರಿಗೂ ನೊಬೆಲ್. 2010ರಲ್ಲಿ ಯಾರಾದರೂ ಕರಿಕೊ ಅವರ ಎಚ್-ಇಂಡೆಕ್ಸ್ ನೋಡಿ ಬೇರೆ ಗೈಡನ್ನು ಆರಿಸಿಕೊಂಡಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರ ಕಥೆ ಇನ್ನೊಂದು ತರ. 1993ರಲ್ಲಿ ಸೆಲ್ ಜರ್ನಲಿನ ಒಂದೇ ಸಂಚಿಕೆಯಲ್ಲಿ ಇಬ್ಬರ ಪೇಪರೂ ಬಂದವು. ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಲಿನ್-4 ಎನ್ನುವ 22 ಅಕ್ಷರದ ಪುಟ್ಟ ಆರ್‌ಎನ್‌ಎ ಇದೆ, ಅದು ಇನ್ನೊಂದು ಎಂಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ಆಗದಂತೆ ತಡೆಯುತ್ತದೆ ಎಂದು ತೋರಿಸಿದರು. ಹುಳುವಿನ ವಿಚಿತ್ರ ಇರಬೇಕು ಎಂದು ಏಳು ವರ್ಷ ಜನ ಸುಮ್ಮನಿದ್ದರು. 2000ದಲ್ಲಿ ಲೆಟ್-7 ಎನ್ನುವ ಇನ್ನೊಂದು ಪುಟ್ಟ ಆರ್‌ಎನ್‌ಎ ಸಿಕ್ಕಿತು. ಅದು ಮನುಷ್ಯರಲ್ಲೂ ಇದೆ ಎಂದು ಗೊತ್ತಾದಾಗ ಮೈಕ್ರೋಆರ್‌ಎನ್‌ಎ ಕ್ಷೇತ್ರ ತುಂಬಿ ಹರಿಯಿತು. ನೊಬೆಲ್ ಬಂದದ್ದು 2024ರಲ್ಲಿ, 31 ವರ್ಷದ ನಂತರ. ಫೈರ್ ಮತ್ತು ಮೆಲ್ಲೊ ಅವರ 1998ರ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ (ಜೋಡಿ ಎಳೆಯ ಆರ್‌ಎನ್‌ಎಯಿಂದ ಜೀನನ್ನು ಅಡಗಿಸುವುದು) ಪೇಪರಿಗೆ ಎಂಟೇ ವರ್ಷ ಸಾಕಾಯಿತು.

ಆಂಬ್ರೋಸ್ ಅವರ ಆ 1993ರ ಪೇಪರಿನಲ್ಲಿ ಹೆಸರುಗಳ ಸಾಲನ್ನೂ ನೋಡಿ. ಮೊದಲು ರೊಸಾಲಿಂಡ್ ಲೀ, ನಡುವೆ ರೊಂಡಾ ಫೈನ್‌ಬಾಮ್, ಕೊನೆಗೆ ಆಂಬ್ರೋಸ್. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಿಂದ ಕೆಲಸ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ಒಬ್ಬ ವಿಜ್ಞಾನಿಯ ಹೆಸರು ಯಾವ ವರ್ಷದಿಂದ ಕೊನೆಗೆ ಬರತೊಡಗಿತು ಎಂದು ಗುರುತು ಹಾಕಿ. ಅವರ ಸ್ವಂತ ಲ್ಯಾಬ್ ಶುರುವಾದದ್ದು ಹೆಚ್ಚುಕಡಿಮೆ ಆಗಲೇ. ಇಪ್ಪತ್ತು ಜನರ ನಡುವೆ ಹನ್ನೊಂದನೇ ಹೆಸರಾಗಿ ಬಂದ ಪೇಪರಿನಿಂದ ಎಷ್ಟು ಉಲ್ಲೇಖ ಬಂದಿದೆ ಎಂದು ಬೇರೆಯಾಗಿ ಬರೆದುಕೊಳ್ಳಿ.

ಪೇಪರ್ ಇಲ್ಲದ ವರ್ಷಗಳನ್ನು ನೋಡಿ ಹೆದರಬೇಡಿ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ಕ್ಲಾಸಿಗೆ ಹೋಗಿ ಕೂತವರು. ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ರಚನೆಗಾಗಿ 2009ರಲ್ಲಿ ನೊಬೆಲ್ ಹಂಚಿಕೊಂಡರು. ಹೆರಿಗೆ, ಲ್ಯಾಬ್ ಬದಲಾವಣೆ, ಹೊಸ ವಿಷಯ ಕಲಿಯುವುದು, ಹೀಗೆ ಖಾಲಿ ವರ್ಷಕ್ಕೆ ಕಾರಣ ಏನೇನೋ ಇರುತ್ತವೆ.

ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದೇ ಮಾತು. ಅದು ಜರ್ನಲಿನ ಪೇಪರ್‌ಗಳಿಗೆ ಬಂದ ಉಲ್ಲೇಖದ ಸರಾಸರಿ, ಆ ಒಂದು ಪೇಪರಿನದಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ಮಾಡಿದ ಡೋರಾ ಘೋಷಣೆ ಇದನ್ನೇ ಹೇಳುತ್ತದೆ.

ನಮ್ಮ ತೊಗರಿ ಹೊಲದ ವೈರಸ್

ಮೂರನೇ ಸಂಜೆ 22ರ ವಿಜ್ಞಾನಿಯ ಪೇಪರ್‌ಗಳನ್ನು ತೆರೆದಾಗ ನಮ್ಮ ಅಪ್ಪ ಪಕ್ಕದಲ್ಲೇ ಕೂತಿದ್ದರು. ಚಿಂಚೋಳಿ ತಾಲ್ಲೂಕಿನಲ್ಲಿ ನಮಗೆ ತೊಗರಿ ಹೊಲ ಇದೆ. ಲ್ಯಾಪ್‌ಟಾಪಿನಲ್ಲಿ ಒಂದು ಗಿಡದ ಫೋಟೊ ಬಂತು. ಪೊದೆಯಂತೆ ಬೆಳೆದ ಗಿಡ, ಎಲೆ ಸಣ್ಣ, ಮೇಲೆ ತಿಳಿ ಹಳದಿ ಮಚ್ಚೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು, "ಇದು ಗೊಡ್ಡು ರೋಗ ಅಲ್ಲೇನು? ಗಿಡ ಹಸ್ರಾಗೇ ಇರ್ತದ, ಹೂವಾ ಇಲ್ಲ, ಕಾಯಿ ಇಲ್ಲ" ಎಂದರು.

ಹೌದು, ಅದೇ. ಈ ರೋಗವನ್ನು ಮೊದಲು ವರದಿ ಮಾಡಿದ್ದು 1931ರಲ್ಲಿ ಬಿಹಾರದ ಪೂಸಾದಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಇದನ್ನು ಹರಡುತ್ತದೆ ಎಂದು ತಿಳಿದರೂ, ಒಳಗಿನ ರೋಗಾಣು ಯಾವುದೆಂದು ಸುಮಾರು 70 ವರ್ಷ ಗೊತ್ತಾಗಲಿಲ್ಲ. 2000ದ ಸುಮಾರಿಗೆ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸ್ಕಾಟ್ಲೆಂಡಿನ ಸಂಶೋಧಕರ ಜೊತೆ ಸೇರಿ ಅದು ವೈರಸ್ ಎಂದು ಕಂಡುಹಿಡಿದರು. ಅದರ ಜೀನೋಮ್ ಆರ್‌ಎನ್‌ಎ, ಅದೂ ತುಂಡು ತುಂಡಾಗಿ ಇರುವಂಥದ್ದು. ಇವತ್ತು ಅದನ್ನು ಎಮಾರಾವೈರಸ್ ಗುಂಪಿಗೆ ಸೇರಿಸಿದ್ದಾರೆ. ಹೈದರಾಬಾದಿನ ಬಸ್ಸಿನಲ್ಲಿ ಹುಮನಾಬಾದ್, ಜಹೀರಾಬಾದ್ ದಾಟಿ ಪಟಾನ್‌ಚೆರು ಬಂದಾಗಲೆಲ್ಲ ನಾನು ಕಿಟಕಿಯಿಂದ ಆ ಕಡೆ ನೋಡುತ್ತಿದ್ದೆ.

ಈ ಕೆಲಸವನ್ನು ಯಾರು ಉಲ್ಲೇಖ ಮಾಡಬೇಕು? ರೋಗ ಇರುವುದು ಭಾರತ ಮತ್ತು ಸುತ್ತಲಿನ ಕೆಲವು ದೇಶಗಳಲ್ಲಿ. ಇದರ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳೇ ಬೆರಳೆಣಿಕೆ. ಆದರೆ ಕ್ಯಾನ್ಸರಿನ ಮೈಕ್ರೋಆರ್‌ಎನ್‌ಎ ಮೇಲೆ ಜಗತ್ತಿನ ತುಂಬ ಸಾವಿರಾರು ಗುಂಪುಗಳಿವೆ. ಆದ್ದರಿಂದ ಸಂಖ್ಯೆಯನ್ನು ಅದೇ ವಿಷಯದವರ ಜೊತೆ ಮಾತ್ರ ಇಟ್ಟು ನೋಡಿ. ತೊಗರಿ ವೈರಸ್ ಮೇಲೆ ಕೆಲಸ ಮಾಡುವ ಇನ್ನೂ ನಾಲ್ಕು ಜನರ ಪ್ರೊಫೈಲ್ ತೆಗೆದು ಹೋಲಿಸಿದೆವು. ಇವರು ಎಲ್ಲರಿಗಿಂತ ಮುಂದಿದ್ದರು. ಉಲ್ಲೇಖಗಳ ನಾಲ್ಕು ಕಾಲಂನಲ್ಲಿ ಎರಡನೆಯದೇ ಉದ್ದ ಇತ್ತು. ಜನ ಅವರ ಫಲಿತಾಂಶವನ್ನು ಹಿಡಿದು ರೋಗ ತಡೆಯುವ ತಳಿ ಹುಡುಕುತ್ತಿದ್ದರು. ಅಪ್ಪ ನಮ್ಮ ಜೊತೆ ರಾತ್ರಿ ಹತ್ತರವರೆಗೆ ಕೂತಿದ್ದರು.

ಶಿಷ್ಯರು ಎಲ್ಲಿದ್ದಾರೆ?

ನಂಬರಿನಲ್ಲಿ ಎಲ್ಲೂ ಕಾಣದ, ಆದರೆ ನಿಮ್ಮ ಐದಾರು ವರ್ಷವನ್ನು ತೀರ್ಮಾನಿಸುವ ವಿಷಯ ಇದು. ಶೋಧಗಂಗಾ ತಾಣದಲ್ಲಿ ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಬಂದ ಥೀಸಿಸ್‌ಗಳು ಸಿಗುತ್ತವೆ. ಕೆಲವು ಸಂಸ್ಥೆಗಳು ತಮ್ಮದೇ ಬೇರೆ ಸಂಗ್ರಹ ಇಟ್ಟಿರುತ್ತವೆ, ಅಲ್ಲೂ ನೋಡಿ. ವಿದ್ಯಾರ್ಥಿ ಯಾವ ವರ್ಷ ಸೇರಿದರು, ಯಾವ ವರ್ಷ ಮುಗಿಸಿದರು, ಮೊದಲ ಹೆಸರಿನ ಪೇಪರ್ ಬಂತಾ ಎಂದು ಪಟ್ಟಿ ಮಾಡಿ. ಸೇರಿದ ವರ್ಷ ಥೀಸಿಸ್ಸಿನ ಮೊದಲ ಪುಟಗಳಲ್ಲಿ ಇರುತ್ತದೆ. ಕೃತಜ್ಞತೆಯ ಪುಟವನ್ನೂ ಓದಿ. ಶಿಷ್ಯರು ಗೈಡ್ ಬಗ್ಗೆ ಬರೆಯುವಾಗ ಎರಡು ಸಾಲಿನಲ್ಲಿ ಮುಗಿಸುತ್ತಾರೋ, ರಾತ್ರಿ ಹನ್ನೊಂದಕ್ಕೆ ಜೊತೆಗೆ ನಿಂತು ಜೆಲ್ (ಆರ್‌ಎನ್‌ಎ, ಪ್ರೋಟೀನ್ ಪಟ್ಟೆಗಳಾಗಿ ಕಾಣುವ ಪರೀಕ್ಷೆ) ನೋಡಿದ್ದನ್ನು ನೆನೆಸುತ್ತಾರೋ ಎನ್ನುವುದು ಅಲ್ಲಿ ತಿಳಿಯುತ್ತದೆ.

ಪೇಪರ್ ಸಿಗುವುದಿಲ್ಲ ಎಂಬ ಕಷ್ಟ ಈಗ ಕಡಿಮೆ. 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13 ಸಾವಿರ ಜರ್ನಲ್ ಸಿಗುತ್ತಿವೆ. ನಿಮ್ಮ ಲೈಬ್ರರಿಯಲ್ಲಿ ಹೋಗಿ ಕೇಳಿ. ಯೂರೋಪ್ ಪಿಎಂಸಿ, ಪಬ್‌ಮೆಡ್ ಯಾರಿಗೂ ಉಚಿತ.

ಹಿಂತೆಗೆದ ಪೇಪರ್ ಇದೆಯೇ ಎಂದು ರಿಟ್ರಾಕ್ಷನ್ ವಾಚ್ ಪಟ್ಟಿಯಲ್ಲಿ ನೋಡಿ. ಪಬ್‌ಪಿಯರ್‌ನಲ್ಲಿ ಜೆಲ್ ಚಿತ್ರಗಳ ಬಗ್ಗೆ ಓದುಗರು ಎತ್ತಿದ ಪ್ರಶ್ನೆ ಇರುತ್ತವೆ. ಒಂದು ಹಿಂತೆಗೆತ ಇದ್ದರೆ ಕಾರಣ ಓದಿ. ತಪ್ಪು ತಮಗೇ ಗೊತ್ತಾಗಿ ತಾವೇ ಹಿಂದಕ್ಕೆ ತೆಗೆದುಕೊಂಡವರನ್ನು ನಾನು ಗೌರವದಿಂದ ನೋಡುತ್ತೇನೆ. ಹಣ ಕಟ್ಟಿಸಿಕೊಂಡು ಏನೂ ಓದದೆ ಅಚ್ಚು ಹಾಕುವ ಜರ್ನಲ್‌ಗಳ ಬಗ್ಗೆಯೂ ಎಚ್ಚರ ಇರಲಿ. ನಾನು ಪಿಎಚ್‌ಡಿ ಮಾಡುವಾಗ ಅಂಥ ಒಂದು ಜರ್ನಲ್ ನನ್ನ ಎರಡು ತಿಂಗಳ ಫೆಲೋಶಿಪ್ ಹಣ ತೆಗೆದುಕೊಂಡಿತು. ಮೂರು ವರ್ಷದ ನಂತರ ಆ ತಾಣವೂ ಇಲ್ಲ, ನನ್ನ ಪೇಪರೂ ಇಲ್ಲ. ಗೈಡ್ ಆಗುವವರ ಪಟ್ಟಿಯಲ್ಲಿ ಅಂಥವು ಸಾಲಾಗಿ ಕಂಡರೆ ಆ ಲ್ಯಾಬ್ ಬಿಟ್ಟುಬಿಡಿ.

ಕೊನೆಗೆ ಮೇಲ್ ಬರೆಯುವುದು

ನಾಲ್ಕನೇ ಸಂಜೆ ಅವಳು ತೀರ್ಮಾನ ಮಾಡಿದಳು. ಕ್ಯಾನ್ಸರ್ ಲ್ಯಾಬೇ ಬೇಕು ಎಂದಳು. ತೊಗರಿ ಲ್ಯಾಬನ್ನು ಆರಿಸುತ್ತಾಳೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಆದರೆ ಅವಳ ಕಾರಣ ಗಟ್ಟಿಯಾಗಿತ್ತು. ಆ ಲ್ಯಾಬಿನ ಕಳೆದ ಎಂಟು ವಿದ್ಯಾರ್ಥಿಗಳಲ್ಲಿ ಏಳು ಜನಕ್ಕೆ ಮೊದಲ ಹೆಸರಿನ ಪೇಪರ್ ಇತ್ತು, ಎಲ್ಲರೂ ಆರು ವರ್ಷದ ಒಳಗೆ ಮುಗಿಸಿದ್ದರು. ಹಳೆಯ ವಿದ್ಯಾರ್ಥಿನಿಯೊಬ್ಬರಿಗೆ ಬರೆದರೆ ಮೂರೇ ದಿನಕ್ಕೆ ಉದ್ದನೆಯ ಉತ್ತರ ಬಂದಿತ್ತು. ತೊಗರಿ ಲ್ಯಾಬಿನಲ್ಲಿ ಆ ವರ್ಷ ಸೀಟೇ ಇರಲಿಲ್ಲ, ಮುಂದಿನ ವರ್ಷ ಬರೆಯಿರಿ ಎಂದು ಆ ವಿಜ್ಞಾನಿ ಸ್ವತಃ ಉತ್ತರಿಸಿದ್ದರು.

ಮೇಲ್ ಹೀಗೆ ಬರೆಯಿಸಿದೆ. 'ತಮ್ಮ ಘನ ಸಂಶೋಧನೆ' ಎಂದು ಶುರು ಮಾಡಬೇಡ. ಎಚ್-ಇಂಡೆಕ್ಸ್ ಮಾತು ಎತ್ತಬೇಡ. ಅವರ ಒಂದು ಪೇಪರಿನ ಒಂದು ಚಿತ್ರ ಹಿಡಿ, ನಿನಗೆ ತಿಳಿಯದೆ ಉಳಿದದ್ದನ್ನು ಎರಡು ವಾಕ್ಯದಲ್ಲಿ ಕೇಳು. ನೀನು ಕೈಯಿಂದ ಮಾಡಿದ ಕೆಲಸ ಮೂರು ಸಾಲಿನಲ್ಲಿ ಹೇಳು. ಒಟ್ಟು ಒಂದು ಪುಟ ದಾಟಬಾರದು.

ಅವಳು ಬರೆದ ಮೇಲ್ ನನ್ನ ಹತ್ತಿರ ಇನ್ನೂ ಇದೆ. ನಾಲ್ಕನೇ ಚಿತ್ರದಲ್ಲಿ ಮೈಕ್ರೋಆರ್‌ಎನ್‌ಎ ತಡೆದರೂ ಪ್ರೋಟೀನ್ ಪಟ್ಟೆ ಪೂರ್ತಿ ಮರಳಿ ಬಂದಿಲ್ಲ, ಆ ಎಂಆರ್‌ಎನ್‌ಎ ಮೇಲೆ ಇನ್ನೊಂದು ಮೈಕ್ರೋಆರ್‌ಎನ್‌ಎ ಕೂಡ ಕೂರುತ್ತಿರಬಹುದೇ ಎಂದು ಕೇಳಿದ್ದಳು. ಕೆಳಗೆ ತನ್ನ ಕೆಲಸದ ಸಾಲಿನಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ಎಲೆಯಿಂದ ಆರ್‌ಎನ್‌ಎ ತೆಗೆದಿದ್ದೇನೆ, ಜೆಲ್‌ನಲ್ಲಿ ಆರ್‌ಎನ್‌ಎ ಪಟ್ಟೆಗಳು ಸ್ಪಷ್ಟ ಬಂದಿವೆ ಎಂದು ಬರೆದು, ಫೋಟೊ ಹಾಕಿದ್ದಳು. ಹನ್ನೊಂದು ದಿನಕ್ಕೆ ಉತ್ತರ ಬಂತು. ಜೂನ್ ಮೂರನೇ ವಾರ ಇಂಟರ್‌ವ್ಯೂಗೆ ಬನ್ನಿ, ಆ ಜೆಲ್ ಚಿತ್ರವನ್ನೂ ತನ್ನಿ ಎಂದಿತ್ತು.